ಕಾರ್ಡ್‌ಲೆಸ್ ಡ್ರಿಲ್: ದುಡ್ಡು ಹೋಗುವುದು ಬ್ಯಾಟರಿಗೆ

ಬೆಂಗಳೂರಿನಲ್ಲಿ ಇಂಟೀರಿಯರ್ ಕೆಲಸ ನಡೆಯುತ್ತಿರುವ ಯಾವ ಹೊಸ ಫ್ಲ್ಯಾಟಿಗೆ ಹೋದರೂ ಒಂದು ಬದಲಾವಣೆ ಕಣ್ಣಿಗೆ ಬೀಳುತ್ತದೆ. ನೆಲದ ತುಂಬಾ ಹರಡಿರುತ್ತಿದ್ದ ವೈರುಗಳು ಕಡಿಮೆಯಾಗಿವೆ. ಮೂಲೆಯಲ್ಲಿ ಒಂದು ಎಕ್ಸ್‌ಟೆನ್ಷನ್ ಬಾಕ್ಸ್, ಅದರ ಸುತ್ತ ನಾಲ್ಕೈದು ಚಾರ್ಜರ್. ಕಿಚನ್ ಕೂರಿಸುವವರು, ಜಿಪ್ಸಮ್ ಸೀಲಿಂಗ್ ಮಾಡುವವರು, ಎಸಿ ಫಿಟ್ ಮಾಡುವವರು ಎಲ್ಲರ ಕೈಯಲ್ಲೂ ಬ್ಯಾಟರಿಯಿಂದ ಓಡುವ ಕಾರ್ಡ್‌ಲೆಸ್ ಟೂಲ್. ಮಲೆನಾಡಿನ ತೋಟಗಳಿಗೆ ಬ್ಯಾಟರಿ ಚೈನ್ ಸಾ ಬಂದಿದೆ. ವಿಜಯಪುರದ ಕಡೆ ದ್ರಾಕ್ಷಿ ಚಾಟ್ನಿಗೆ, ಅಂದರೆ ಬಳ್ಳಿ ಸವರುವುದಕ್ಕೆ, ಬ್ಯಾಟರಿ ಕತ್ತರಿ ಬಂದಿದೆ.

ಈ ಟೂಲ್‌ಗಳನ್ನು ಹೆಚ್ಚಾಗಿ ಕೆಲಸಗಾರರೇ ತಮ್ಮ ಕೈಯಿಂದ ದುಡ್ಡು ಹಾಕಿ ಕೊಳ್ಳುತ್ತಾರೆ. ಅಂಗಡಿಯಲ್ಲಿ ಅವರು ಕೇಳುವುದು ಡ್ರಿಲ್ಲಿನ ಬಗ್ಗೆ. ಟಾರ್ಕ್ ಎಷ್ಟು, ಚಕ್ ಎಷ್ಟು, ಇಂಪ್ಯಾಕ್ಟ್ ಇದೆಯಾ. ಆದರೆ ಡ್ರಿಲ್ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಕಾರ್ಬನ್ ಬ್ರಷ್ ಹಾಕಿಸಿ, ಬೇರಿಂಗ್ ಬದಲಿಸಿ ವರ್ಷಗಟ್ಟಲೆ ಓಡಿಸಬಹುದು. ಬ್ಯಾಟರಿ ಹಾಗಲ್ಲ. ಕೊಂಡ ದಿನದಿಂದಲೇ ಅದು ಸವೆಯಲು ಶುರು. ಒಂದು ಡ್ರಿಲ್, ಎರಡು ಬ್ಯಾಟರಿ, ಒಂದು ಚಾರ್ಜರ್ ಇರುವ ಸೆಟ್ಟಿನ ಬೆಲೆಯನ್ನು ಬ್ಯಾಟರಿ, ಚಾರ್ಜರ್ ಇಲ್ಲದೆ ಬಾಡಿ ಮಾತ್ರ ಕೊಳ್ಳುವ ಬೆಲೆಯ ಪಕ್ಕ ಇಟ್ಟು ನೋಡಿ. ದೊಡ್ಡ ಪಾಲು ಎಲ್ಲಿಗೆ ಹೋಗುತ್ತಿದೆ ಅಂತ ಗೊತ್ತಾಗುತ್ತದೆ. ಸಾಲದ್ದಕ್ಕೆ, ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದರ ಟೂಲಿಗೆ ಕೂರದ ಕಾರಣ, ಮುಂದೆ ನೀವು ಕೊಳ್ಳುವ ಗ್ರೈಂಡರ್ (ಕಬ್ಬಿಣ, ಟೈಲ್ಸ್ ಕತ್ತರಿಸಿ ಉಜ್ಜುವ ಯಂತ್ರ), ಬ್ಲೋವರ್, ಜಿಗ್ ಸಾ ಯಾವ ಕಂಪನಿಯದು ಅನ್ನುವುದನ್ನೂ ಈ ಮೊದಲ ಬ್ಯಾಟರಿಯೇ ತೀರ್ಮಾನ ಮಾಡಿಬಿಟ್ಟಿರುತ್ತದೆ. ಹಾಗಾಗಿ ಮೊದಲು ನೋಡಬೇಕಾದದ್ದು ಬ್ಯಾಟರಿಯನ್ನು.

ಲೇಬಲ್ ಮೇಲಿನ ವೋಲ್ಟು

ಪ್ಯಾಕ್ ಬಿಚ್ಚಿದರೆ ಒಳಗೆ ಸಿಗುವುದು ದಪ್ಪ ಪೆನ್ ಟಾರ್ಚ್ ಸೆಲ್ಲಿನಂಥ ಲಿಥಿಯಂ ಸೆಲ್‌ಗಳು. ಹೆಚ್ಚು ಬಳಕೆಯಲ್ಲಿರುವುದು 18650. ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಸ್ವಲ್ಪ ದೊಡ್ಡದು 21700. ಇಂಥ ಒಂದು ಸೆಲ್ಲಿನ ಸರಾಸರಿ ವೋಲ್ಟೇಜ್ 3.6. ಪೂರ್ತಿ ಚಾರ್ಜ್ ಆದಾಗ 4.2. ಐದು ಸೆಲ್ಲನ್ನು ಸಾಲಾಗಿ ಜೋಡಿಸಿದರೆ 18 ವೋಲ್ಟ್. ಅದೇ ಐದು ಸೆಲ್ ಆಗಷ್ಟೇ ಚಾರ್ಜರಿಂದ ಇಳಿದಾಗ 21 ವೋಲ್ಟ್ ತೋರಿಸುತ್ತವೆ.

ಇಷ್ಟು ಗೊತ್ತಿದ್ದರೆ ಅಂಗಡಿಯ ಅರ್ಧ ಗೊಂದಲ ಕರಗುತ್ತದೆ. ಒಬ್ಬರು 18 ವೋಲ್ಟ್ ಅನ್ನುತ್ತಾರೆ, ಅಮೆರಿಕದ ಡಬ್ಬದ ಮೇಲೆ 20 ವೋಲ್ಟ್ ಮ್ಯಾಕ್ಸ್ ಅಂತಿರುತ್ತದೆ, ಇನ್ನೊಬ್ಬರು 21 ವೋಲ್ಟ್ ಅನ್ನುತ್ತಾರೆ. ಮೂರೂ ಅದೇ ಐದು ಸೆಲ್. ಹಾಗೆಯೇ 10.8 ಮತ್ತು 12 ವೋಲ್ಟ್ ಎರಡೂ ಮೂರು ಸೆಲ್ಲಿನ ಪ್ಯಾಕುಗಳೇ. 36 ವೋಲ್ಟ್ ಮತ್ತು 40 ವೋಲ್ಟ್ ಮ್ಯಾಕ್ಸ್ ಎರಡರಲ್ಲೂ ಇರುವುದು ಹತ್ತು ಸೆಲ್ಲಿನ ಸಾಲು. ಇದು ಮೋಸವಲ್ಲ, ಯಾವ ಘಳಿಗೆಯಲ್ಲಿ ಅಳೆದರು ಅನ್ನುವ ವ್ಯತ್ಯಾಸ ಅಷ್ಟೇ.

ಮೋಸ ಬೇರೆ ಕಡೆ ಇದೆ. ಆನ್‌ಲೈನ್‌ನಲ್ಲೂ ಹಾರ್ಡ್‌ವೇರ್ ಅಂಗಡಿಗಳಲ್ಲೂ 48 ವಿಎಫ್, 88 ವಿಎಫ್, 128 ವಿಎಫ್ ಅಂತ ದಪ್ಪ ಅಕ್ಷರದಲ್ಲಿ ಬರೆದ ಹೆಸರಿಲ್ಲದ ಡ್ರಿಲ್ಲುಗಳು ಬರುತ್ತಿವೆ. ನೋಡಿದವರು 128 ವೋಲ್ಟ್ ಅಂದುಕೊಳ್ಳುತ್ತಾರೆ. ಕೊನೆಗೊಂದು ಎಫ್ ಸೇರಿಸಿರುವುದು ನಾಳೆ ಯಾರಾದರೂ ಜಗಳಕ್ಕೆ ಬಂದರೆ ಇರಲಿ ಅಂತ. ಬಿಚ್ಚಿದರೆ ಸಾಮಾನ್ಯವಾಗಿ ಒಳಗಿರುವುದು ಅವೇ ಐದು ಸೆಲ್. 128 ವೋಲ್ಟ್ ನಿಜವಾಗಿ ಬೇಕೆಂದರೆ 35ಕ್ಕೂ ಹೆಚ್ಚು ಸೆಲ್ ಸಾಲಾಗಿ ಇರಬೇಕು. ಅಂಗೈಯಲ್ಲಿ ಹಿಡಿಯುವ ಡಬ್ಬಿಯಲ್ಲಿ ಅಷ್ಟಕ್ಕೆ ಜಾಗ ಎಲ್ಲಿದೆ?

ಆಂಪಿಯರ್-ಅವರ್, ತೂಕ, ಬಿಸಿ

ಆಂಪಿಯರ್-ಅವರ್ ಅಂದರೆ ಎಷ್ಟು ಆಂಪಿಯರ್ ಕರೆಂಟನ್ನು ಎಷ್ಟು ಗಂಟೆ ಕೊಡಬಲ್ಲದು ಅನ್ನುವ ಅಳತೆ. ವೋಲ್ಟಿಗಿಂತ ಕೆಲಸಕ್ಕೆ ಬರುವ ಲೆಕ್ಕ ವ್ಯಾಟ್-ಅವರ್. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ಸಿಗುತ್ತದೆ. 18 ವೋಲ್ಟ್, 2 ಆಂಪಿಯರ್-ಅವರ್ ಅಂದರೆ 36 ವ್ಯಾಟ್-ಅವರ್. 5 ಆಂಪಿಯರ್-ಅವರ್ ಅಂದರೆ 90. ಪ್ಯಾಕಿನಲ್ಲಿ ಒಟ್ಟು ಎಷ್ಟು ಶಕ್ತಿ ತುಂಬಿದೆ ಅಂತ ಇದು ಹೇಳುತ್ತದೆ.

ಸ್ಕ್ರೂ ಬಿಗಿಯುವುದಕ್ಕೆ 36 ವ್ಯಾಟ್-ಅವರ್ ಧಾರಾಳ. ಕ್ಷಣ ತಿರುಗಿ ನಿಲ್ಲುವ ಕೆಲಸ ಅದು. ಗ್ರೈಂಡರ್ ಕಥೆ ಬೇರೆ. ವೈರ್ ಇರುವ ನಾಲ್ಕು ಇಂಚಿನ ಗ್ರೈಂಡರ್ 700 ವ್ಯಾಟ್ ಆಸುಪಾಸಿನದು. ಅಷ್ಟೇ ಶಕ್ತಿಯನ್ನು 18 ವೋಲ್ಟಿನ ಬ್ಯಾಟರಿಯಿಂದ ಎಳೆದರೆ ಸುಮಾರು 40 ಆಂಪಿಯರ್ ಹರಿಯಬೇಕು. 2 ಆಂಪಿಯರ್-ಅವರ್ ಪ್ಯಾಕ್ ಆ ಲೆಕ್ಕದಲ್ಲಿ ಮೂರು ನಿಮಿಷಕ್ಕೆ ಖಾಲಿ. "ಕಾರ್ಡ್‌ಲೆಸ್ ಗ್ರೈಂಡರ್ ಕೆಲಸಕ್ಕೆ ಬರಲ್ಲ" ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಡ್ರಿಲ್ಲಿನ ಜೊತೆ ಬಂದ ಪುಟ್ಟ ಪ್ಯಾಕು.

ಖಾಲಿಯಾಗುವುದು ಚಿಕ್ಕ ತೊಂದರೆ. ದೊಡ್ಡದು ಬಿಸಿ. 2 ಆಂಪಿಯರ್-ಅವರ್ ಪ್ಯಾಕಿನಲ್ಲಿ ಸಾಮಾನ್ಯವಾಗಿ ಐದು ಸೆಲ್ಲಿನ ಒಂದೇ ಸಾಲು. ಪೂರ್ತಿ 40 ಆಂಪಿಯರ್ ಪ್ರತಿ ಸೆಲ್ಲಿನ ಮೂಲಕವೂ ಹಾಯಬೇಕು. 4 ಅಥವಾ 5 ಆಂಪಿಯರ್-ಅವರ್ ಪ್ಯಾಕಿನಲ್ಲಿ ಎರಡು ಸಾಲು, ಹತ್ತು ಸೆಲ್. ಪ್ರತಿ ಸೆಲ್ಲಿಗೆ 20 ಆಂಪಿಯರ್. ಸೆಲ್ಲಿನೊಳಗೆ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟ್ ಅರ್ಧವಾದರೆ ಒಂದೊಂದು ಸೆಲ್ಲಿನ ಬಿಸಿ ಕಾಲು ಭಾಗಕ್ಕೆ ಇಳಿಯುತ್ತದೆ. ದೊಡ್ಡ ಪ್ಯಾಕ್ ಜಾಸ್ತಿ ಹೊತ್ತು ಬರುವುದು ಮಾತ್ರವಲ್ಲ, ಜಾಸ್ತಿ ವರ್ಷವೂ ಬರುವುದು ಈ ಕಾರಣಕ್ಕೆ. ಗ್ರೈಂಡರ್, ಸರ್ಕ್ಯುಲರ್ ಸಾ, ಚೈನ್ ಸಾ, ಗೋಡೆ ಕೊರೆಯುವ ರೋಟರಿ ಹ್ಯಾಮರ್ ಇವಕ್ಕೆಲ್ಲ ಎರಡು ಸಾಲಿನ ಪ್ಯಾಕ್ ಅಥವಾ 21700 ಸೆಲ್ಲಿನ ಪ್ಯಾಕ್ ಬೇಕು. ಚಿಕ್ಕ ಪ್ಯಾಕ್ ಏಣಿಯ ಮೇಲೆ, ತಲೆಯ ಮೇಲೆ ಕೈಯೆತ್ತಿ ಮಾಡುವ ಕೆಲಸಕ್ಕೆ ಇರಲಿ. ಕೈ ನೋಯುವುದಿಲ್ಲ.

ಆಂಪಿಯರ್-ಅವರ್ ಅಂಕಿಯಲ್ಲೂ ಸುಳ್ಳು ಬೇಕಾದಷ್ಟಿದೆ. ಹಿಡಿಯಲು ಒಂದು ಸುಲಭ ದಾರಿ ಅಡುಗೆಮನೆಯ ತಕ್ಕಡಿ. ಒಂದು 18650 ಸೆಲ್ ಸುಮಾರು 45ರಿಂದ 48 ಗ್ರಾಂ ತೂಗುತ್ತದೆ. ಹತ್ತು ಸೆಲ್ ಇದ್ದರೆ ಸೆಲ್ಲುಗಳೇ 450 ಗ್ರಾಂ ದಾಟುತ್ತವೆ. ಪ್ಲಾಸ್ಟಿಕ್, ಬೋರ್ಡ್, ಪಟ್ಟಿ ಎಲ್ಲ ಸೇರಿ 600 ಗ್ರಾಂ ಹತ್ತಿರ ಬರಬೇಕು. 6 ಆಂಪಿಯರ್-ಅವರ್ ಅಂತ ಬರೆದ ಪ್ಯಾಕ್ 350 ಗ್ರಾಂ ತೂಗಿದರೆ ಒಳಗೆ ಐದೇ ಸೆಲ್, ಜೊತೆಗೆ ಖಾಲಿ ಜಾಗ. ಇನ್ನೊಂದು ಗುರುತು: ಇವತ್ತಿನ ಒಳ್ಳೆಯ 18650 ಸೆಲ್ ಕೂಡ 3.5 ಆಂಪಿಯರ್-ಅವರ್ ಸುತ್ತ ನಿಲ್ಲುತ್ತದೆ. ಹೆಚ್ಚು ಕರೆಂಟ್ ಕೊಡಬಲ್ಲ ಟೂಲ್ ಸೆಲ್ಲುಗಳದ್ದು ಅದಕ್ಕಿಂತ ಕಡಿಮೆ, 2ರಿಂದ 3ರ ಒಳಗೆ. ಒಂದೇ ಸೆಲ್ಲಿಗೆ 9900 ಮಿಲಿಆಂಪಿಯರ್-ಅವರ್, ಅಂದರೆ 9.9 ಆಂಪಿಯರ್-ಅವರ್ ಅಂತ ಬರೆದಿದ್ದರೆ ಮುಂದೆ ಮಾತಾಡುವ ಅಗತ್ಯವೇ ಇಲ್ಲ.

ಲೇಬಲ್ ಮೇಲೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯಾ ನೋಡಿ. ಭಾರತದಲ್ಲಿ ಮಾರುವ ಇಂಥ ಲಿಥಿಯಂ ಸೆಲ್, ಬ್ಯಾಟರಿಗಳಿಗೆ ಐಎಸ್ 16046 ಮಾನದಂಡದಡಿ ನೋಂದಣಿ ಕಡ್ಡಾಯ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಲ್ಲಿದೆ ಅಂತ ಬರುತ್ತದೆ. ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳ ಗದ್ದಲದಲ್ಲಿ ನಿಂತು ಇದನ್ನೆಲ್ಲ ಮಾಡುವುದು ಕಷ್ಟವೇ. ಆದರೂ ಒಂದು ನಿಮಿಷದ ಕೆಲಸ.

ಯಾವ ಮನೆಗೆ ಸೇರುತ್ತೀರಿ

ಕಂಪನಿಯ ಆಯ್ಕೆ ಬಗ್ಗೆ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಹೆಸರಾಂತ ನಾಲ್ಕೈದು ಕಂಪನಿಗಳ ಡ್ರಿಲ್ಲುಗಳ ನಡುವಿನ ವ್ಯತ್ಯಾಸ ಮನೆ ಕೆಲಸದಲ್ಲಿ ಗೊತ್ತೇ ಆಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನೋಡಬೇಕಾದದ್ದು ಎರಡು. ನಿಮ್ಮ ಜಿಲ್ಲೆಯಲ್ಲಿ ಅವರ ಸರ್ವಿಸ್ ಸೆಂಟರ್ ಇದೆಯಾ? ಆ ಬ್ಯಾಟರಿ ಕೂರುವ ಬೇರೆ ಟೂಲ್‌ಗಳು ಇಲ್ಲಿ ಸಿಗುತ್ತವೆಯಾ? ಕಂಪನಿಯ ವೆಬ್‌ಸೈಟಿನಲ್ಲಿ ನೂರು ಟೂಲ್ ಇದ್ದು ಹುಬ್ಬಳ್ಳಿಯಲ್ಲಿ ಮೂರೇ ಸಿಕ್ಕರೆ ಏನು ಉಪಯೋಗ?

ಒಂದು ಕಂಪನಿಯ ಪ್ಯಾಕ್ ಸಾಮಾನ್ಯವಾಗಿ ಇನ್ನೊಂದರ ಟೂಲಿಗೆ ಕೂರುವುದಿಲ್ಲ. ಒಳಗಿರುವ ಸೆಲ್ ಒಂದೇ ತರದ್ದು. ಹೊರಗಿನ ಡಬ್ಬಿ, ಪಿನ್ನು ಮಾತ್ರ ಬೇರೆ. ಇದು ವ್ಯಾಪಾರದ ಲೆಕ್ಕಾಚಾರ ಅಂತ ಎಲ್ಲರಿಗೂ ಗೊತ್ತು. 2018ರಲ್ಲಿ ಜರ್ಮನಿಯ ಮೆಟಾಬೊ ಮುಂದೆ ನಿಂತು ಹಲವು ಕಂಪನಿಗಳು ಒಂದೇ ಬ್ಯಾಟರಿ ಹಂಚಿಕೊಳ್ಳುವ ಕೂಟ ಕಟ್ಟಿತು. ಬಾಷ್ ಕೂಡ ಇಂಥದ್ದೇ ಒಕ್ಕೂಟ ಮಾಡಿದೆ. ಉಳಿದ ದೊಡ್ಡ ಹೆಸರುಗಳಲ್ಲಿ ಹೆಚ್ಚಿನವು ಮಾತ್ರ ಇನ್ನೂ ತಮ್ಮ ತಮ್ಮ ಬೇಲಿಯೊಳಗೇ ಇವೆ. ಒಂದು ಸಮಾಧಾನ ಅಂದರೆ ಬೇಲಿಗಳು ಬೇಗ ಬದಲಾಗುವುದಿಲ್ಲ. ಮಕಿಟಾ 2005ರಲ್ಲಿ ತಂದ 18 ವೋಲ್ಟ್ ಎಲ್‌ಎಕ್ಸ್‌ಟಿ ಸಾಲು ಇವತ್ತಿಗೂ ನಡೆಯುತ್ತಿದೆ. ಹೆಸರಿಲ್ಲದ ಚೀನಾ ಟೂಲ್‌ಗಳಲ್ಲಿ ಎಷ್ಟೋ ಅದೇ ಡಬ್ಬಿಯ ಆಕಾರವನ್ನು ನಕಲು ಮಾಡಿವೆ.

ಬೇಲಿ ದಾಟಲು ಅಡಾಪ್ಟರ್ ಸಿಗುತ್ತದೆ. ಅಗ್ಗ, ಕೆಲಸವನ್ನೂ ಮಾಡುತ್ತದೆ. ಆದರೆ ಒಂದು ವಿಷಯ ತಿಳಿದಿರಬೇಕು. ಸೆಲ್ ತೀರಾ ಖಾಲಿಯಾಗುವ ಮೊದಲು ನಿಲ್ಲಿಸುವ ಕೆಲಸವನ್ನು ಕೆಲವು ಕಂಪನಿಗಳಲ್ಲಿ ಪ್ಯಾಕ್ ಮಾಡುತ್ತದೆ, ಕೆಲವುದರಲ್ಲಿ ಟೂಲ್ ಮಾಡುತ್ತದೆ. ಇದರ ಪ್ಯಾಕ್, ಅದರ ಟೂಲ್ ಸೇರಿದಾಗ ಆ ಕೆಲಸ ಇಬ್ಬರದೂ ಅಲ್ಲದೆ ಹೋಗಬಹುದು. ಟೂಲ್ ಎಳೆಯುತ್ತಲೇ ಇರುತ್ತದೆ, ಸೆಲ್ ಮತ್ತೆ ಏಳಲಾಗದಷ್ಟು ಕೆಳಕ್ಕೆ ಇಳಿಯುತ್ತದೆ. ಅಡಾಪ್ಟರ್ ಬಳಸುವವರು ಟೂಲ್ ಸ್ವಲ್ಪ ಸೋತಂತೆ ಕಂಡ ತಕ್ಷಣ ಪ್ಯಾಕ್ ತೆಗೆದುಬಿಡಬೇಕು.

ಅಮೆರಿಕದಿಂದ ಬರುವ ಮಗನೋ ತಮ್ಮನೋ ಡ್ರಿಲ್ ಸೆಟ್ ತರುತ್ತೇನೆ ಅಂದರೆ ಚಾರ್ಜರಿನ ಇನ್‌ಪುಟ್ ಏನೆಂದು ಕೇಳಿ. ಅಲ್ಲಿನ ಎಷ್ಟೋ ಚಾರ್ಜರುಗಳು 120 ವೋಲ್ಟಿನವು. ನಮ್ಮ 230 ವೋಲ್ಟಿಗೆ ಹಾಕಿದರೆ ಸುಟ್ಟುಹೋಗುತ್ತವೆ. ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿ ಚೆಕ್-ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ, ಕೈಚೀಲದಲ್ಲೇ ಬರಬೇಕು. 100 ವ್ಯಾಟ್-ಅವರ್ ದಾಟಿದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. 18 ವೋಲ್ಟ್ 5 ಆಂಪಿಯರ್-ಅವರ್ ಪ್ಯಾಕ್ 90ಕ್ಕೆ ನಿಲ್ಲುತ್ತದೆ, 6ರದು 108 ಆಗುತ್ತದೆ. ಡ್ರಿಲ್ ಮಾತ್ರ ಚೆಕ್-ಇನ್‌ಗೇ ಹೋಗಬೇಕು.

ಹಳೆ ಬ್ಯಾಟರಿಯ ಬುದ್ಧಿಮಾತು

ಈಗ ಜೋಪಾನದ ವಿಷಯ. ಇಲ್ಲಿ ಹಾನಿ ಮಾಡುತ್ತಿರುವುದು ಅಸಡ್ಡೆಗಿಂತ ಹೆಚ್ಚಾಗಿ ತಪ್ಪು ಕಾಳಜಿ. "ಪೂರ್ತಿ ಖಾಲಿ ಮಾಡಿ ಆಮೇಲೆ ಚಾರ್ಜ್ ಮಾಡು" ಅಂತ ಹಿರಿಯ ಮೇಸ್ತ್ರಿಗಳು ಹುಡುಗರಿಗೆ ಹೇಳುವುದನ್ನು ಕೇಳಿರುತ್ತೀರಿ. ಅವರ ಕಾಲಕ್ಕೆ ಅದು ಸರಿಯಾಗಿತ್ತು. ಆಗ ಇದ್ದದ್ದು ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ. ಅರ್ಧಕ್ಕೇ ಮತ್ತೆ ಮತ್ತೆ ಚಾರ್ಜ್ ಮಾಡಿದರೆ ಅದು ಅಷ್ಟಕ್ಕೇ ಒಗ್ಗಿಕೊಳ್ಳುತ್ತದೆ ಅನ್ನುವ ಭಯ ಇತ್ತು. ಕ್ಯಾಡ್ಮಿಯಂ ವಿಷ ಅಂತ ಯುರೋಪ್ 2016ರ ಕೊನೆಗೆ ಕಾರ್ಡ್‌ಲೆಸ್ ಟೂಲ್‌ಗಳಲ್ಲೂ ಅದಕ್ಕಿದ್ದ ವಿನಾಯಿತಿ ತೆಗೆದುಹಾಕಿತು. ಬ್ಯಾಟರಿ ಹೋಯಿತು, ಬುದ್ಧಿಮಾತು ಉಳಿಯಿತು. ಲಿಥಿಯಂಗೆ ಈ ಒಗ್ಗಿಕೊಳ್ಳುವ ಕಾಟ ಇಲ್ಲ. ಅದಕ್ಕೆ ಆಗದೇ ಇರುವುದೇ ಪೂರ್ತಿ ಖಾಲಿಯಾಗುವುದು. ಅರ್ಧಕ್ಕೆ ಚಾರ್ಜಿಗೆ ಹಾಕಿ, ಮುಕ್ಕಾಲಿಗೆ ತೆಗೆಯಿರಿ, ಏನೂ ಆಗುವುದಿಲ್ಲ.

ಇನ್ನೊಂದು ಬುದ್ಧಿಮಾತು "ಯಾವಾಗಲೂ ಫುಲ್ ಚಾರ್ಜ್ ಮಾಡಿ ಇಡು". ಇದು ಬಂದದ್ದು ಲೆಡ್-ಆಸಿಡ್ ಬ್ಯಾಟರಿಯಿಂದ. ಮನೆಯ ಇನ್ವರ್ಟರ್, ಟ್ರ್ಯಾಕ್ಟರ್, 12 ವೋಲ್ಟಿನ ಬೆನ್ನಿಗೆ ಹಾಕುವ ಸ್ಪ್ರೇಯರ್, ಇವುಗಳಲ್ಲಿ ಲೆಡ್-ಆಸಿಡ್ ಇದ್ದರೆ ಮಾತು ಅಕ್ಷರಶಃ ನಿಜ. ಖಾಲಿ ಬಿಟ್ಟರೆ ಅದು ಕೆಡುತ್ತದೆ. ಲಿಥಿಯಂ ಮಾತ್ರ ಪೂರ್ತಿ ತುಂಬಿಟ್ಟರೂ ಬೇಗ ಮುದಿಯಾಗುತ್ತದೆ. ಅಡಿಕೆ ತೋಟದವರ ಶೆಡ್ಡಿನಲ್ಲಿ ಒಂದೇ ಗೂಟಕ್ಕೆ ಎರಡೂ ತೂಗಾಡುತ್ತಿರುತ್ತವೆ. ಒಂದರ ನಿಯಮ ಇನ್ನೊಂದಕ್ಕೆ ಹಾಕಿದರೆ ಎರಡರಲ್ಲಿ ಒಂದು ಹಾಳು. ಸ್ಪ್ರೇಯರಿನೊಳಗೆ ಯಾವುದಿದೆ ಅಂತ ಲೇಬಲ್ ನೋಡಿಯೇ ತೀರ್ಮಾನಿಸಿ, ಈಗ ಲಿಥಿಯಂ ಸ್ಪ್ರೇಯರುಗಳೂ ಬಂದಿವೆ.

ತುಂಬಿಡುವುದರ ಜೊತೆ ಬಿಸಿ ಸೇರಿದರಂತೂ ಮುಗಿಯಿತು. ಲಿಥಿಯಂ ಬ್ಯಾಟರಿಗಳ ಬಗ್ಗೆ ಸಾಮಾನ್ಯವಾಗಿ ಕೊಡುವ ಲೆಕ್ಕ ಹೀಗಿದೆ. 25 ಡಿಗ್ರಿಯಲ್ಲಿ ಶೇ 40ರಷ್ಟು ಚಾರ್ಜ್ ಇಟ್ಟು ಒಂದು ವರ್ಷ ಬಿಟ್ಟರೆ ಶೇ 96ರಷ್ಟು ಸಾಮರ್ಥ್ಯ ಉಳಿಯುತ್ತದೆ. ಪೂರ್ತಿ ತುಂಬಿ ಇಟ್ಟರೆ ಶೇ 80. ಅದೇ 40 ಡಿಗ್ರಿಯಲ್ಲಿ ತುಂಬಿ ಇಟ್ಟರೆ ಶೇ 65. ಸೆಲ್ಲಿನ ಜಾತಿಯ ಮೇಲೆ ಅಂಕಿ ಹೆಚ್ಚುಕಡಿಮೆ ಆಗಬಹುದು, ದಿಕ್ಕು ಬದಲಾಗುವುದಿಲ್ಲ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನೆರಳಲ್ಲೇ 40 ದಾಟುತ್ತದೆ. ಬಿಸಿಲಲ್ಲಿ ನಿಂತ ಗಾಡಿಯ ಡಿಕ್ಕಿಯೊಳಗೆ, ತಗಡಿನ ಶೆಡ್ಡಿನ ಅಟ್ಟದ ಮೇಲೆ ಎಷ್ಟಿರಬಹುದು ನೀವೇ ಊಹಿಸಿ. ಟೂಲ್ ಪೆಟ್ಟಿಗೆ ಗಾಡಿಯಲ್ಲೇ ಇರಲಿ, ಬ್ಯಾಟರಿಯನ್ನು ಮಾತ್ರ ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಒಳಗೆ ಒಯ್ಯುವುದು ಒಳ್ಳೆಯದು.

ಕೆಲಸದ ಜಾಗದಲ್ಲಿ ಆಗುವ ದೊಡ್ಡ ತಪ್ಪು ಇನ್ನೊಂದು. ಗ್ರೈಂಡರಿನಿಂದ ತೆಗೆದ ಪ್ಯಾಕ್ ಕೈ ಸುಡುತ್ತಿರುತ್ತದೆ, ಹಾಗೆಯೇ ಚಾರ್ಜರಿಗೆ ಸಿಕ್ಕಿಸುತ್ತಾರೆ. ಒಳ್ಳೆಯ ಚಾರ್ಜರು ಆಗ ಚಾರ್ಜ್ ಶುರು ಮಾಡುವುದಿಲ್ಲ, ದೀಪ ಮಿಟುಕಿಸುತ್ತಾ ತಣ್ಣಗಾಗಲಿ ಅಂತ ಕಾಯುತ್ತದೆ. ಅದನ್ನು ನೋಡಿ ಚಾರ್ಜರ್ ಕೆಟ್ಟಿದೆ ಅಂದುಕೊಂಡು ಬೈಯುವವರೂ ಇದ್ದಾರೆ! ಅಗ್ಗದ ಚಾರ್ಜರಿಗೆ ಈ ವಿವೇಕ ಇರುವುದಿಲ್ಲ, ಸುಮ್ನೆ ತುಂಬುತ್ತದೆ. ಅರ್ಧ ಗಂಟೆ ನೆರಳಲ್ಲಿಟ್ಟು ಆಮೇಲೆ ಹಾಕಿ. ಎರಡರ ಬದಲು ಮೂರು ಪ್ಯಾಕ್ ಇದ್ದರೆ ಈ ಆತುರವೇ ಬರುವುದಿಲ್ಲ. ವೇಗದ ಚಾರ್ಜರಿಗೆ ಹಾಕುವ ದುಡ್ಡನ್ನು ಮೂರನೇ ಪ್ಯಾಕಿಗೆ ಹಾಕಿ ಅನ್ನುತ್ತೇನೆ ನಾನು.

ಮಳೆಗಾಲದಲ್ಲಿ ತಿಂಗಳುಗಟ್ಟಲೆ ಚೈನ್ ಸಾ ಮೂಲೆ ಸೇರುವ ಮನೆಗಳಲ್ಲಿ ಪ್ಯಾಕನ್ನು ಟೂಲಿನಿಂದ ಬಿಚ್ಚಿ, ಅದರ ಮೇಲೆ ಚಾರ್ಜ್ ತೋರಿಸುವ ನಾಲ್ಕು ದೀಪದಲ್ಲಿ ಎರಡು ಉರಿಯುವಷ್ಟು ಚಾರ್ಜ್ ಇಟ್ಟು, ಒಣ ಜಾಗದಲ್ಲಿ ಇಡಿ. ಟೂಲಿನಲ್ಲೇ ಬಿಟ್ಟರೆ ಒಳಗಿನ ಬೋರ್ಡು ಹನಿ ಹನಿಯಾಗಿ ಎಳೆಯುತ್ತಲೇ ಇರುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ದೀಪ ನೋಡಿದರೆ ಸಾಕು. ಖಾಲಿ ಪ್ಯಾಕನ್ನು ಹಾಗೇ ಬಿಟ್ಟರೆ ದಸರಾ ಹೊತ್ತಿಗೆ ಚಾರ್ಜರ್ ಅದನ್ನು ಗುರುತೇ ಹಿಡಿಯದಿರಬಹುದು.

ಸತ್ತ ಪ್ಯಾಕು

ಪ್ಯಾಕ್ "ಸತ್ತಿದೆ" ಅಂದಾಗ ಎಲ್ಲ ಸೆಲ್ಲೂ ಸತ್ತಿರುವುದು ಕಡಿಮೆ. ಸಾಲಿನ ಒಂದು ಸೆಲ್ ಉಳಿದವಕ್ಕಿಂತ ಕೆಳಗಿಳಿದರೆ ಪ್ಯಾಕ್ ಪೂರ್ತಿ ನಿಲ್ಲುತ್ತದೆ. ಎಷ್ಟೋ ಪ್ಯಾಕುಗಳಲ್ಲಿ ಸೆಲ್ಲುಗಳ ಮಟ್ಟವನ್ನು ಸರಿದೂಗಿಸುವ ಏರ್ಪಾಡೇ ಇಲ್ಲ. ಕೆಲವು ಕಂಪನಿಗಳ ಪ್ಯಾಕಿನಲ್ಲಿರುವ ಚಿಪ್ ಕೆಲವು ಸಲ ದೋಷ ಕಂಡರೆ ಶಾಶ್ವತವಾಗಿ ಬಾಗಿಲು ಹಾಕಿಕೊಳ್ಳುತ್ತದೆ. ಆಮೇಲೆ ಹೊಸ ಸೆಲ್ ಹಾಕಿದರೂ ಚಾರ್ಜ್ ಆಗುವುದಿಲ್ಲ. ಸುರಕ್ಷತೆಗೆ ಅಂತ ಕಂಪನಿಗಳು ಹೇಳುತ್ತವೆ. ಅದರಲ್ಲಿ ಸ್ವಲ್ಪ ನಿಜವೂ ಇದೆ, ತೀರಾ ಕೆಳಗಿಳಿದ ಲಿಥಿಯಂ ಸೆಲ್ಲನ್ನು ಬಲವಂತವಾಗಿ ಚಾರ್ಜ್ ಮಾಡಿದರೆ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಆದರೆ ಸರಿಯಾಗಿ ರಿಪೇರಿಯಾದ ಪ್ಯಾಕಿಗೂ ಬಾಗಿಲು ತೆರೆಯದಿರುವುದಕ್ಕೆ ಸುರಕ್ಷತೆಯ ನೆಪ ಸಾಲದು. ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಮೊದಲಿಗೆ ಆರಿಸಿಕೊಂಡದ್ದು ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಮನೆಬಳಕೆಯ ವಸ್ತು, ವಾಹನ ಎಂಬ ನಾಲ್ಕು ವಲಯ. ದಿನಗೂಲಿಯ ಬಡಗಿಯ ಕೈಯಲ್ಲಿರುವ ಡ್ರಿಲ್ ಆ ನಾಲ್ಕರಲ್ಲಿ ಹೆಸರಾಗಿ ಇಲ್ಲ.

ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಂಥ ಕಡೆ ಸ್ಪಾಟ್ ವೆಲ್ಡಿಂಗ್ ಮಾಡಿ ಸೆಲ್ ಬದಲಿಸಿಕೊಡುವವರು ಇದ್ದಾರೆ. ಒಳ್ಳೆಯ ಕೈಗಳೂ ಇವೆ. ಕೊಡುವ ಮುಂಚೆ ಮೂರು ಪ್ರಶ್ನೆ ಕೇಳಿ. ಹೊಸ ಸೆಲ್ಲಾ, ಹಳೆ ಲ್ಯಾಪ್‌ಟಾಪಿನಿಂದ ತೆಗೆದದ್ದಾ? ಟೂಲ್ ಎಳೆಯುವಷ್ಟು ಕರೆಂಟ್ ಕೊಡುವ ಸೆಲ್ಲಾ? ಎಲ್ಲವನ್ನೂ ಬದಲಿಸುತ್ತೀರಾ, ಕೆಟ್ಟದ್ದೊಂದನ್ನೇ ಬದಲಿಸುತ್ತೀರಾ? ಲ್ಯಾಪ್‌ಟಾಪ್ ಸೆಲ್ಲಿನಲ್ಲಿ ಶಕ್ತಿ ಇರುತ್ತದೆ, ಆದರೆ ಒಮ್ಮೆಲೇ ಸುರಿಯುವ ತಾಕತ್ತು ಇರುವುದಿಲ್ಲ. ಗ್ರೈಂಡರಿಗೆ ಹಾಕಿದರೆ ಕುದಿಯುತ್ತದೆ. ನಾಲ್ಕು ಹಳೆ ಸೆಲ್ಲಿನ ನಡುವೆ ಒಂದು ಹೊಸದನ್ನು ಸೇರಿಸಿದರೆ ಸ್ವಲ್ಪ ದಿನದಲ್ಲೇ ಮತ್ತೆ ಮಟ್ಟ ತಪ್ಪುತ್ತದೆ.

ರಿಪೇರಿ ಆದ ಪ್ಯಾಕಾಗಲಿ, ಹೆಸರಿಲ್ಲದ ಪ್ಯಾಕಾಗಲಿ, ರಾತ್ರಿ ಮಲಗಿದ ಮೇಲೆ ಚಾರ್ಜಿಗೆ ಬಿಡಬೇಡಿ. ಮರದ ಹೊಟ್ಟು, ಥಿನ್ನರ್ ಡಬ್ಬ, ಫೆವಿಕಾಲ್ ಬಕೆಟ್ ನಡುವೆ ಚಾರ್ಜರ್ ಇಡುವುದು ಸೈಟುಗಳಲ್ಲಿ ದಿನಾ ಕಾಣುವ ದೃಶ್ಯ. ಟೈಲ್ಸ್ ನೆಲದ ಖಾಲಿ ಜಾಗಕ್ಕೆ ಸರಿಸಲು ಎರಡು ಹೆಜ್ಜೆ ಸಾಕು. ಉಬ್ಬಿದ, ಸುಟ್ಟ ವಾಸನೆ ಬರುವ, ಎತ್ತರದಿಂದ ಬಿದ್ದು ಬಿರಿದ ಪ್ಯಾಕನ್ನು ಮತ್ತೆ ಚಾರ್ಜ್ ಮಾಡಬಾರದು. ಬುಸ್ ಅಂತ ಹೊಗೆ ಬರಲು ಶುರುವಾದರೆ ಮುಟ್ಟಲು ಹೋಗಬೇಡಿ. ಆ ಹೊಗೆ ವಿಷ. ಹೊರಗೆ ಓಡಿ 112ಕ್ಕೆ ಫೋನ್ ಮಾಡಿ.

ಪೂರ್ತಿ ಮುಗಿದ ಪ್ಯಾಕ್ ನಮ್ಮಲ್ಲಿ ಗುಜರಿಗೆ ಹೋಗುತ್ತದೆ, ಇಲ್ಲವೇ ಕಸದ ಗಾಡಿಗೆ. ಗಾಡಿಯ ಪ್ರೆಸ್ಸಿನಲ್ಲಿ ಅದು ನಜ್ಜುಗುಜ್ಜಾದರೆ ಬೆಂಕಿ ಹತ್ತಬಹುದು. 2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಿಸುವ ಮತ್ತು ಆಮದು ಮಾಡುವ ಕಂಪನಿಗಳದು. ಬೇರೆ ಕಸದ ಜೊತೆ ಸೇರಿಸದೆ ಕೊಡುವ ಹೊಣೆ ಕೊಂಡವರದು. ಸರ್ವಿಸ್ ಸೆಂಟರಿಗೆ ಹೋದಾಗ ಹಳೆ ಪ್ಯಾಕ್ ಕೌಂಟರ್ ಮೇಲಿಟ್ಟು ತೆಗೆದುಕೊಳ್ಳಿ ಅಂತ ಕೇಳಿ. ತೆಗೆದುಕೊಳ್ಳಲ್ಲ ಅಂದರೆ ಈ ನಿಯಮದ ಹೆಸರು ಹೇಳಿ. ಅಲ್ಲಿಯವರೆಗೆ ಎರಡು ತುದಿಯ ಲೋಹದ ಪಟ್ಟಿಗಳ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ, ಮೊಳೆ ಸ್ಕ್ರೂಗಳಿಲ್ಲದ ಡಬ್ಬಿಯಲ್ಲಿ, ಮಕ್ಕಳ ಕೈಗೆ ಸಿಗದ ಕಡೆ ಇಟ್ಟಿರಿ.